ಎಡಗಡೆಯ ರೆಕ್ಕೆ

ನನ್ನ ಹೆಂಡತಿ ತೀರಿಕೊಂಡಾಗ ನಾನು ಅಳಲಿಲ್ಲ ಎಂಬುದು ನಮ್ಮ ಮೂಡಲಗಿಯಲ್ಲಿ ಸ್ವಲ್ಪ ದಿನ ಮಾತಿನ ವಿಷಯವಾಗಿತ್ತು. ಜ್ವರ ಅಂತ ಶುರುವಾಗಿ, ಬೆಳಗಾವಿಗೆ ಒಯ್ದು, ವಾರ ತುಂಬುವುದರೊಳಗೆ ಎಲ್ಲ ಮುಗಿದೇ ಹೋಯಿತು. ಮಣ್ಣು ಕೊಡುವಾಗ ಬಂದವರೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು. ‘ಗಟ್ಟಿ ಮನಿಷಾ’ ಅಂದರು ಕೆಲವರು. ‘ಕಲ್ಲು’ ಅಂದವರೂ ಇದ್ದಿರಬೇಕು, ನನ್ನೆದುರು ಅನ್ನಲಿಲ್ಲ. ನನ್ನ ಬಾಯಿ ಊರಿಗೆಲ್ಲ ಗೊತ್ತು. ನಾನು ಗಟ್ಟಿಯೂ ಅಲ್ಲ, ಕಲ್ಲೂ ಅಲ್ಲ. ಮರಗಟ್ಟಿದ್ದೆ, ಅಷ್ಟೆ. ಬಹಳ ಹೊತ್ತು ಕಾಲು ಮಡಚಿ ಕೂತರೆ ಪಾದ ನಮ್ಮದಲ್ಲ ಅನ್ನಿಸುತ್ತದಲ್ಲ, ಹಾಗೆ. ಊಟ ಸೇರುತ್ತಿತ್ತು, ನಿದ್ದೆಯೂ ಬರುತ್ತಿತ್ತು. ಅಂಗಡಿಯ ಶಟರ್ ಮಾತ್ರ ಎತ್ತಲಿಲ್ಲ.

ನನ್ನದು ಮೋಟರ್ ರಿವೈಂಡಿಂಗ್ ಅಂಗಡಿ. ಪಂಪಿನ ಮೋಟರ್ ಸುಟ್ಟರೆ ಒಳಗಿನ ಕರಕಲು ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತಿ ಕೊಡುತ್ತೇನೆ. ಮಸಗುಪ್ಪಿಯ ಕಡೆಯ ರೈತರು ಮೋಟರನ್ನು ಬೈಕಿನ ಹಿಂದೆ ಹಗ್ಗದಿಂದ ಬಿಗಿದು ತರುತ್ತಾರೆ, ತಂದ ಕೂಡಲೇ ಕಬ್ಬು ಒಣಗಲಿಕ್ಕೆ ಹತ್ತಿದೆ ಎಂದು ನನ್ನ ತಲೆ ತಿನ್ನುತ್ತಾರೆ. ಮನೆಗೆ ನೀರು ಏರಿಸುವ ಸಣ್ಣ ಮೋಟರುಗಳಲ್ಲಿ ಎರಡು ಸುತ್ತು ಇರುತ್ತವೆ. ದಪ್ಪ ತಂತಿಯದು ರನ್ನಿಂಗ್, ಸಣ್ಣ ತಂತಿಯದು ಸ್ಟಾರ್ಟಿಂಗ್. ಬಟನ್ ಒತ್ತಿದಾಗ ಎರಡಕ್ಕೂ ಕರೆಂಟ್ ಹೋಗುತ್ತದೆ. ಮೋಟರ್ ವೇಗ ಹಿಡಿದ ಕೂಡಲೇ ಒಳಗಿನ ಒಂದು ಸ್ವಿಚ್ ಸಣ್ಣ ತಂತಿಯನ್ನು ಬಿಡಿಸಿಬಿಡುತ್ತದೆ. ಅಲ್ಲಿಂದ ಮುಂದೆ ದಪ್ಪ ತಂತಿ ಒಂದೇ ದುಡಿಯುತ್ತದೆ. ನಮ್ಮ ಕಸುಬಿನಲ್ಲಿ ಇದು ನೀರು ಕುಡಿದಷ್ಟು ರೂಢಿಯ ಮಾತು, ಇದರ ಬಗ್ಗೆ ಯಾರೂ ಯೋಚಿಸುವುದೇ ಇಲ್ಲ.

ನಮ್ಮಲ್ಲಿ ದಪ್ಪ ತಂತಿ ನಾನು ಸುತ್ತುತ್ತಿದ್ದೆ, ಸಣ್ಣದು ಅವಳು. ಕೂದಲಿನಂಥ ತಂತಿ, ನನ್ನ ಕೈಯಲ್ಲಿ ಪಟ್ಟನೆ ಹರಿಯುತ್ತಿತ್ತು. ಹರಿದರೆ ನಾನು ತಂತಿಯನ್ನೂ ಅದನ್ನು ಮಾಡಿದವನನ್ನೂ ಬೈಯುತ್ತಿದ್ದೆ. ‘ಸರೀರಿ ಆ ಕಡೆ, ನಿಮ್ಮ ಸಿಟ್ಟಿಗೆ ತಂತಿ ಹೆದರತೈತಿ’ ಅಂತ ಅವಳು ಸುರುಳಿ ಕಸಿದುಕೊಳ್ಳುತ್ತಿದ್ದಳು. ಕೆಲಸ ಮುಗಿದ ಮೇಲೆ ಸುರುಳಿಯ ತುದಿ ಬಿಚ್ಚಿಕೊಳ್ಳದ ಹಾಗೆ ಹಣೆಯ ಟಿಕಳಿ ತೆಗೆದು ಅದರಿಂದ ಅಂಟಿಸಿಬಿಡುತ್ತಿದ್ದಳು. ಅಂಗಡಿಯಲ್ಲಿ ಟೇಪು ಬೇಕಾದಷ್ಟು ಇತ್ತು. ಆದರೂ ಟಿಕಳಿಯೇ ಆಗಬೇಕು. ಬರಿ ಹಣೆಯಲ್ಲಿ ಮನೆಗೆ ಹೋಗಿ, ಕನ್ನಡಿಯ ಮೂಲೆಯಲ್ಲಿ ಅಂಟಿಸಿಟ್ಟ ಇನ್ನೊಂದನ್ನು ಇಟ್ಟುಕೊಳ್ಳುತ್ತಿದ್ದಳು.

ಶಟರ್ ಎತ್ತದೆ ಕೂತ ನನ್ನನ್ನು ಎಬ್ಬಿಸಿದ್ದು ತಂಗಿಯ ಫೋನು. ಹುಕ್ಕೇರಿಯಲ್ಲಿ ಅವಳೂ ಅವಳ ಗಂಡನೂ ಖಾನಾವಳಿ ನಡೆಸುತ್ತಾರೆ. ಮಧ್ಯಾಹ್ನ ರೊಟ್ಟಿ ಊಟಕ್ಕೆ ಜನ ಬಾಗಿಲಲ್ಲಿ ನಿಂತು ಕಾಯುತ್ತಾರೆ. ಆ ಖಾನಾವಳಿಯ ಒಂದು ಮೂಲೆಯಲ್ಲಿ ಪಿನ್‌ಬಾಲ್ ಮಷಿನ್ ಇದೆ. ಗೋವಾದಲ್ಲಿ ಮುಚ್ಚಿದ ಯಾವುದೋ ಹೋಟೆಲಿನ ಸಾಮಾನಿನ ಜೊತೆ ತಂಗಿಯ ಗಂಡ ಅದನ್ನೂ ಟೆಂಪೋಗೆ ಹೇರಿಸಿಕೊಂಡು ಬಂದಿದ್ದ. ಕಾಲುಳ್ಳ ಉದ್ದನೆಯ ಪೆಟ್ಟಿಗೆ, ಮೇಲೆ ಗಾಜು, ಗಾಜಿನ ಕೆಳಗೆ ಇಳಿಜಾರು ಹಲಗೆ. ಉಕ್ಕಿನ ಗುಂಡು ಮೇಲಿನಿಂದ ಅಲ್ಲಲ್ಲಿ ಬಡಿದುಕೊಳ್ಳುತ್ತ ಇಳಿದು ಬರುತ್ತದೆ. ಕೆಳಗೆ ಎಡಕ್ಕೊಂದು, ಬಲಕ್ಕೊಂದು ಪುಟ್ಟ ರೆಕ್ಕೆ. ಪೆಟ್ಟಿಗೆಯ ಮಗ್ಗುಲಿನ ಬಟನ್ ಒತ್ತಿದರೆ ರೆಕ್ಕೆ ಚಟ್ಟನೆ ಎದ್ದು ಗುಂಡನ್ನು ಮೇಲಕ್ಕೆ ಹೊಡೆಯಬೇಕು. ಹೊಡೆಯದಿದ್ದರೆ ಗುಂಡು ನಡುವಿನ ಸಂದಿಯಲ್ಲಿ ಬಿದ್ದು ಹೋಗುತ್ತದೆ. ಇಂಗ್ಲಿಷಿನಲ್ಲಿ ಫ್ಲಿಪ್ಪರ್ ಅನ್ನುತ್ತಾರಂತೆ, ನಾವು ರೆಕ್ಕೆ ಅಂದೆವು.

‘ಅಣ್ಣಾ, ಇವರು ಆ ಮಷಿನ್ ಮೋಡಕಾದಂವಗ ಕೊಡ್ತೇನಿ ಅನ್ನಾಕತ್ತಾರ’ ಅಂದಳು ತಂಗಿ. ಮೋಡಕಾ ಅಂದರೆ ಗುಜರಿ. ‘ಆ ಮೂಲ್ಯಾಗ ಎರಡ ಟೇಬಲ್ ಹಾಕ್ತಾರಂತ. ರೆಕ್ಕಿ ರಿಪೇರಿ ಆದ್ರ ಇರ್ಲಿ, ಇಲ್ಲಂದ್ರ ಒಯ್ಯಲಿ ಅಂತಾರ. ನೀ ಬಂದ ಒಮ್ಮೆ ನೋಡು.’

‘ಕೊಡ್ರಿ. ನನಗೇನ ಕೇಳ್ತಿ?’

‘ಮ್ಯಾಲಿನ ನಂಬರ್ ಇನ್ನೂ ಹಂಗ ಐತೋ ಅಣ್ಣಾ. ವೈನಿದು.’

ಆ ಮಷಿನ್ನಿನ ಎದುರು ಹಲಗೆಯಲ್ಲಿ ಅಂಕಿಗಳ ಚಕ್ರಗಳಿವೆ, ಹಳೆಯ ಕರೆಂಟ್ ಮೀಟರಿನಲ್ಲಿ ಇದ್ದಂಥವು. ಗುಂಡು ಬಡಿದಂತೆಲ್ಲ ಖಟಕ್ ಖಟಕ್ ಅಂತ ಏರುತ್ತವೆ. ಆಟ ಮುಗಿದ ಮೇಲೆ, ಸ್ವಿಚ್ ಆರಿಸಿದ ಮೇಲೂ, ಕೊನೆಯ ಅಂಕಿ ಹಾಗೇ ನಿಂತಿರುತ್ತದೆ. ಮುಂದಿನವರು ಸ್ಟಾರ್ಟ್ ಒತ್ತಿದಾಗ ಎಲ್ಲ ಚಕ್ರ ತಿರುಗಿ ಸೊನ್ನೆಗೆ ಬರುತ್ತವೆ. ಕೊನೆಗೆ ಆಡಿದವಳು ನನ್ನ ಹೆಂಡತಿ. ಅವಳ ಆಟದ ನಡುವೆಯೇ ಎಡ ರೆಕ್ಕೆ ಕೆಟ್ಟಿತು, ಉಳಿದದ್ದನ್ನು ಬಲ ರೆಕ್ಕೆ ಒಂದರಿಂದಲೇ ಆಡಿ ಮುಗಿಸಿದಳು. ಆಮೇಲೆ ಯಾರೂ ಆಡಿಲ್ಲ. ‘ಮುಂದ ಬರೂದ್ರೊಳಗ ಸರಿ ಮಾಡಿ ಇಡ್ರಿ, ಇನ್ನೂ ಏರಿಸ್ತೇನಿ’ ಅಂತ ಅಂದಿದ್ದಳು. ಆ ‘ಮುಂದ’ ಬರಲೇ ಇಲ್ಲ.

ಫೋನ್ ಇಟ್ಟ ಮೇಲೆ ನನಗೆ ಒಂದು ವಿಷಯ ಹೊಳೆಯಿತು. ರಿಪೇರಿ ಆಗದಿದ್ದರೆ ಆ ನಂಬರು ಮೋಡಕಾದವನ ಗಾಡಿಯಲ್ಲಿ ಹೋಗುತ್ತದೆ. ರಿಪೇರಿ ಆದರೆ ಯಾರೋ ಸ್ಟಾರ್ಟ್ ಒತ್ತುತ್ತಾರೆ, ಆಗಲೂ ಹೋಗುತ್ತದೆ. ಹೊಳೆದರೂ ಏನೂ ಅನ್ನಿಸಲಿಲ್ಲ. ಬೆಳಗಿನ ಬಸ್ ಹತ್ತಿದೆ. ಅರಭಾವಿಯಲ್ಲಿ ತೋಟಗಾರಿಕೆ ಕಾಲೇಜಿನ ಹುಡುಗಿಯರು ತುಂಬಿಕೊಂಡರು. ಒಬ್ಬಳು ನನ್ನ ಕಾಲು ತುಳಿದು ‘ಸಾರಿ ರೀ ಕಾಕಾ’ ಅಂದಳು. ಬೇರೆ ದಿನವಾಗಿದ್ದರೆ ಎರಡು ಮಾತು ಅಂದೇ ಬಿಡುತ್ತಿದ್ದೆ. ಅವತ್ತು ಕಾಲನ್ನು ಹಿಂದಕ್ಕೆ ಎಳೆದುಕೊಂಡೆ, ಅಷ್ಟೆ.

ಖಾನಾವಳಿಯಲ್ಲಿ ಮಧ್ಯಾಹ್ನದ ಗದ್ದಲ ಮುಗಿದಿತ್ತು. ತಂಗಿ ಮಷಿನ್ನಿನ ಮೇಲೆ ಹೊಚ್ಚಿದ್ದ ಹಳೆಯ ಕೌದಿ ತೆಗೆದಳು. ಮೂರು ಸಾವಿರದ ಎಂಟುನೂರ ಅರವತ್ತು. ನೋಡಿದೆ, ಕರೆಂಟ್ ಬಿಲ್ಲು ನೋಡಿದ ಹಾಗೆ. ತಂಗಿ ನನ್ನ ಮುಖ ನೋಡಿದಳು, ಅಲ್ಲಿ ಏನೂ ಸಿಗದೆ ಚಹಾ ಇಡಲು ಒಳಗೆ ಹೋದಳು.

ಗಾಜು ಸರಿಸಿ ಹಲಗೆಯನ್ನು ಎತ್ತಿ ನಿಲ್ಲಿಸಿದೆ. ಅದರ ಕೆಳಗೆ ಪ್ರತಿ ರೆಕ್ಕೆಗೂ ಒಂದೊಂದು ಕಾಯಿಲ್, ಅಂದರೆ ತಂತಿ ಸುತ್ತಿದ ಉರುಳೆ. ಕರೆಂಟ್ ಬಂದಾಗ ಅದು ನಡುವಿನ ಕಬ್ಬಿಣದ ಸರಳನ್ನು ಒಳಕ್ಕೆ ಎಳೆಯುತ್ತದೆ, ಸರಳು ರೆಕ್ಕೆಯನ್ನು ಎತ್ತುತ್ತದೆ. ಸರಳು ಪೂರ್ತಿ ಒಳಗೆ ಹೋದಾಗ ತುದಿಯ ಸಣ್ಣ ಸ್ವಿಚ್ಚಿಗೆ ತಾಗಿ ಅದನ್ನು ಬಿಡಿಸುತ್ತದೆ. ಎಡಗಡೆಯ ಕಾಯಿಲ್ ಸುಟ್ಟು ಕರ್ರಗಾಗಿತ್ತು. ಸರಳನ್ನು ಬೆರಳಿನಿಂದ ತಳ್ಳಿದರೆ ಅಂಟು ಅಂಟಾಗಿ ಹೋಗಿ ಕೊನೆಗೆ ಕೂದಲೆಳೆಯಷ್ಟು ಮೊದಲೇ ನಿಂತುಬಿಡುತ್ತಿತ್ತು. ಬೆರಳು ಮೂಸಿದೆ.

‘ಇದಕ್ಕ ಯಾರು ಗ್ರೀಸ್ ಹಚ್ಚಿದ್ರಿ?’

ತಂಗಿಯ ಗಂಡ ಹೆಮ್ಮೆಯಿಂದ ಮುಂದೆ ಬಂದ. ‘ನಾನ ರೀ ಅಣ್ಣಾರ. ಟ್ರ್ಯಾಕ್ಟರಿಂದು, ಚಲೋ ಗ್ರೀಸ್ ಐತಿ. ಸಳಸಳ ಓಡ್ಲಿ ಅಂತ...’

‘ಇದೇನ ಚಕ್ಕಡಿ ಗಾಲಿ ಏನ್ರಿ, ಕೀಲೆಣ್ಣಿ ಬಡ್ಯಾಕ? ಒಣಗಿ ಬೆಲ್ಲದ ಪಾಕ ಆಗೇತಿ ನೋಡ್ರಿ ಒಳಗ! ಸರಳು ಪೂರಾ ಹೋಗವಲ್ದು, ಸ್ವಿಚ್ ಬಿಡವಲ್ದು. ಸುಡದ ಏನ ಮಾಡತೈತಿ?’

ಆತ ಪಾಪ, ತಲೆ ಕೆರೆದುಕೊಂಡ. ನಮ್ಮ ಕಡೆ ಗಾಣವಿರಲಿ, ಗಾಲಿ ಇರಲಿ, ಬಾಗಿಲ ತಿರುಗಣಿ ಇರಲಿ, ತಿರುಗುವುದಕ್ಕೆಲ್ಲ ಗ್ರೀಸ್ ಬಡಿಯುವುದು ರೂಢಿ. ಕೂಗಾಡಿದ ಮೇಲೆ ನೋಡಿಕೊಂಡೆ, ನಿಜವಾಗಿ ಸಿಟ್ಟೂ ಬಂದಿರಲಿಲ್ಲ. ಬಾಯಿ ತಾನೇ ಕೂಗಿತ್ತು. ತಂಗಿ ಒಳಗಿನಿಂದ ‘ಆತು ತಗೋ, ಅಣ್ಣ ಬಂದಾನ ಅಂತ ಈಗ ಅನ್ನಿಸ್ತು’ ಅಂತ ನಕ್ಕಳು.

ಆದರೆ ಒಂದು ಪ್ರಶ್ನೆ ಉಳಿಯಿತು. ಗ್ರೀಸ್ ಎರಡೂ ಕಡೆ ಇತ್ತು. ಬಲಗಡೆಯ ಸರಳೂ ಹಾಗೇ ಅರೆಬರೆ ನಿಲ್ಲುತ್ತಿತ್ತು. ಬಲ ಕಾಯಿಲ್ ಸುಡದೆ ಎಡದ್ದೇ ಯಾಕೆ ಸುಟ್ಟಿತು? ಚಟ್ಟನೆ ಒತ್ತಿ ಬಿಟ್ಟರೆ ಕಾಯಿಲ್‌ಗೆ ಏನೂ ಆಗುವುದಿಲ್ಲ. ಒತ್ತಿ ಹಿಡಿದೇ ನಿಂತರೆ ಮಾತ್ರ ಕಾಯುತ್ತದೆ. ಎಡ ಬಟನ್ನನ್ನು ಹಾಗೆ ಹಿಡಿದು ನಿಲ್ಲುವವರು ಯಾರು?

ಅವಳೇ. ಗುಂಡು ಎಡಕ್ಕೆ ಬಂತೆಂದರೆ ರೆಕ್ಕೆ ಎತ್ತಿ ಹಿಡಿದು, ಗುಂಡನ್ನು ಅದರ ಬುಡದಲ್ಲಿ ನಿಲ್ಲಿಸಿಕೊಂಡು, ಹಿಂದೆ ತಿರುಗಿ ಮಾತಿಗೆ ನಿಲ್ಲುತ್ತಿದ್ದಳು. ನಾನು ‘ಹೊಡಿ, ಬಸ್ ಹೋಗತೈತಿ’ ಅನ್ನುವುದು, ಅವಳು ‘ತಡೀರಿ’ ಅನ್ನುವುದು. ಕೊಣ್ಣೂರಿನ ತನ್ನ ತವರುಮನೆಯ ಒಂದು ಪೂರಾ ಜಗಳವನ್ನು ತಂಗಿಗೆ ಹೇಳಿ ಮುಗಿಸುವತನಕ ಗುಂಡು ಅಲ್ಲೇ ಕೂತಿರುತ್ತಿತ್ತು. ಆಮೇಲೆ ನೋಡದವಳ ಹಾಗೆ ಬಿಟ್ಟು ಟಪ್ ಅಂತ ಹೊಡೆದರೆ ನೇರ ಮೇಲೆ. ‘ಮೋಟರ್ ಬಡಿಯೂ ಕೈಗೆ ಇದು ಸಾಧ್ಯ ಇಲ್ಲ ಬಿಡ್ರಿ’ ಅಂತ ನನಗೆ ಚುಚ್ಚುತ್ತಿದ್ದಳು. ಖರೆ, ನನಗೆ ಒಮ್ಮೆಯೂ ಸಾಧ್ಯವಾಗಿರಲಿಲ್ಲ.

ಇದೆಲ್ಲ ನೆನಪಾಯಿತು, ಎದೆಯಲ್ಲಿ ಏನೂ ಅಲುಗಲಿಲ್ಲ. ರಿಪೇರಿಗೆ ಬಂದವನು ಕಾರಣ ಹುಡುಕಿದೆ, ಕಾರಣ ಸಿಕ್ಕಿತು, ಅಷ್ಟೇ ಅನ್ನಿಸಿತು. ಆಟ ಶುರು ಮಾಡದೆ ಆ ಮಷಿನ್ನಿನ ರೆಕ್ಕೆಗೆ ಕರೆಂಟೇ ಬರುವುದಿಲ್ಲ, ಆಟ ಶುರು ಮಾಡಿದರೆ ನಂಬರ್ ಅಳಿಯುತ್ತದೆ. ‘ಸಾಮಾನೆಲ್ಲ ಮೂಡಲಗ್ಯಾಗ ಐತಿ, ಅಲ್ಲೇ ಮಾಡಿ ತರ್ತೇನಿ’ ಅಂತ ಹೇಳಿ ಎಡಗಡೆಯ ಕಾಯಿಲ್, ಸರಳು, ಸ್ವಿಚ್ ಎಲ್ಲ ಬಿಚ್ಚಿ ಚೀಲಕ್ಕೆ ಹಾಕಿಕೊಂಡೆ. ತಂಗಿ ಗಂಡನಿಗೆ ‘ಅಲ್ಲೀತನ ಮೋಡಕಾದಂವನ್ನ ಕರ್ಯಾಂಗಿಲ್ಲ ನೋಡ್ರಿ’ ಅಂತ ತಾಕೀತು ಮಾಡಿದಳು.

ಮರುದಿನ ಅಂಗಡಿಗೆ ಹೋದರೆ ಶಟರ್ ತುಕ್ಕು ಹಿಡಿದು ಅರ್ಧಕ್ಕೇ ನಿಂತಿತು. ಬಗ್ಗಿ ಒಳಗೆ ಹೋದೆ. ಸುಟ್ಟ ಕಾಯಿಲ್ ಬಿಚ್ಚಿ ನೋಡಿದರೆ ಒಳಗೆ ದಪ್ಪ ತಂತಿಯ ಒಂದು ಸುತ್ತು, ಅದರ ಮೇಲೆ ಸಣ್ಣ ತಂತಿಯ ಇನ್ನೊಂದು. ಎರಡೂ ಬೆಂದು ಒಂದಕ್ಕೊಂದು ಹತ್ತಿಕೊಂಡಿದ್ದವು, ಯಾವುದರ ತುದಿ ಎಲ್ಲಿಗೆ ಸೇರಿತ್ತು ಅನ್ನುವುದು ತಿಳಿಯುವಂತಿರಲಿಲ್ಲ. ನನಗೆ ತಿಳಿಯಬೇಕಾಗಿಯೂ ಇರಲಿಲ್ಲ. ದಪ್ಪದ್ದೊಂದು, ಸಣ್ಣದೊಂದು, ನಡುವೆ ಒಂದು ಸ್ವಿಚ್. ಇನ್ನೇನು, ನಮ್ಮ ಮೋಟರೇ.

ದಪ್ಪದ್ದು ಸುತ್ತಿದೆ. ಸಣ್ಣ ತಂತಿಗೆ, ಅವಳು ಸುರುಳಿ ಇಡುತ್ತಿದ್ದ ಗೋಡೆಯ ಗೂಡಿನತ್ತ ಕೈ ಚಾಚಿದೆ. ಸುರುಳಿಯ ತುದಿಯ ಮೇಲೆ ಕೆಂಪು ಟಿಕಳಿ ಇತ್ತು. ಕಿತ್ತೆ. ಎಲ್ಲಿಡಬೇಕು ತಿಳಿಯಲಿಲ್ಲ, ಟೇಬಲ್ಲಿನ ಅಂಚಿಗೆ ಅಂಟಿಸಿದೆ. ತಂತಿ ಹರಿಯಿತು. ಕಟ್ಟಿಕೊಂಡು ಮತ್ತೆ ಸುತ್ತಿದೆ, ಮತ್ತೆ ಹರಿಯಿತು. ಬೈಯಲು ಬಾಯಿ ತೆರೆದೆ, ಆದರೆ ಯಾರನ್ನು ಬೈಯಲಿ? ನಿಧಾನ ಸುತ್ತುತ್ತ ಹೋದೆ. ಸಂಜೆಯ ಹೊತ್ತಿಗೆ ಸುತ್ತು ಮುಗಿಯಿತು. ಸರಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಬಟ್ಟೆಯಿಂದ ಒರೆಸಿ, ಒಂದು ಹನಿ ಎಣ್ಣೆಯನ್ನೂ ಮುಟ್ಟಿಸದೆ ಕೂಡಿಸಿದೆ. ಮೋಟರಿಗೆ ಕೊಡುವ ಹಾಗೆಯೇ ಸಂಪರ್ಕ ಕೊಟ್ಟೆ.

ಮರುದಿನ ಬೆಳಿಗ್ಗೆ ಟೇಬಲ್ಲಿನ ಮೇಲೆ ಟ್ರಾನ್ಸ್‌ಫಾರ್ಮರ್ ಇಟ್ಟು ಕರೆಂಟ್ ಕೊಟ್ಟೆ. ಚಟ್! ಸರಳು ಸೆಳೆದುಕೊಂಡಿತು. ಬಿಟ್ಟೆ, ಒತ್ತಿದೆ, ಬಿಟ್ಟೆ, ಒತ್ತಿದೆ. ಏನು ಪೆಟ್ಟು ಅಂತೀರಿ, ಟೇಬಲ್ಲೇ ಜಿಗಿಯುತ್ತಿತ್ತು. ಕೆಲಸ ಆಯಿತು ಅಂತ ಚೀಲಕ್ಕೆ ಹಾಕಬೇಕು, ಕೈ ತಡೆಯಿತು. ಅವಳ ಹಾಗೆ ಹಿಡಿದು ನೋಡಬೇಕು ಅನ್ನಿಸಿತು. ಒತ್ತಿ ಹಿಡಿದೆ. ತಂಗಿಗೆ ಒಂದು ಜಗಳ ಹೇಳುವಷ್ಟು ಹೊತ್ತು ಹಿಡಿಯೋಣ ಅಂತ ಹಿಡಿದೆ. ಅರ್ಧ ಜಗಳ ಮುಗಿಯುವುದರೊಳಗೆ ವಾರ್ನಿಷ್ ಸುಟ್ಟ ವಾಸನೆ ಬಂತು, ಹೊಗೆ ಬಂತು. ಕಾಯಿಲ್ ಮುಟ್ಟಿದರೆ ಕಾದ ಹಂಚು. ಬೆರಳು ಸುಡುತ್ತಿರುವುದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಗ ಕಿತ್ತುಕೊಂಡೆ.

ಕೂತು ನೋಡಿದೆ. ರೆಕ್ಕೆ ಏಳುವುದಕ್ಕೆ ಒಂದು ಕ್ಷಣದ ಜೋರು ಬೇಕು. ಎದ್ದ ಮೇಲೆ ಬಿಡದೆ ಹಿಡಿಯಲು ಸ್ವಲ್ಪವೇ ಸಾಕು. ನಾನು ರೂಢಿಯಂತೆ ಎದ್ದ ಮೇಲೆ ಸಣ್ಣ ತಂತಿಯನ್ನು ಬಿಡಿಸಿ ದಪ್ಪದ್ದಕ್ಕೆ ದುಡಿತ ವಹಿಸಿದ್ದೆ. ಅದು ಮೈಯೆಲ್ಲ ಕರೆಂಟ್ ಕುಡಿದು ತನ್ನನ್ನೇ ಸುಟ್ಟುಕೊಂಡಿತು. ಇಲ್ಲಿ ಲೆಕ್ಕ ಉಲ್ಟಾ. ದಪ್ಪದ್ದು ಒಂದು ಪೆಟ್ಟು ಹೊಡೆದು ಸರಿಯಬೇಕು. ಆಮೇಲೆ ಎಷ್ಟು ಹೊತ್ತು ಬೇಕಾದರೂ ಹಿಡಿದು ನಿಲ್ಲುವುದು ಸಣ್ಣದು. ಇಷ್ಟು ವರ್ಷ ಸಣ್ಣ ತಂತಿ ಅಂದರೆ ಎಬ್ಬಿಸಿ ಕೊಟ್ಟು ಹೋಗುವಂಥದ್ದು ಅಂತ ತಿಳಿದಿದ್ದೆ. ‘ಎಲಾ ಇದರ’ ಅಂದೆ ಗಟ್ಟಿಯಾಗಿ. ಖಾಲಿ ಅಂಗಡಿಯಲ್ಲಿ ಯಾರಿಗೆ ಅಂದೆನೋ.

ಎಲ್ಲ ಕಿತ್ತು ಹೊಸದಾಗಿ ಸುತ್ತಿದೆ. ಈ ಸಲ ಸಣ್ಣ ತಂತಿ ಒಮ್ಮೆ ಮಾತ್ರ ಹರಿಯಿತು. ಸ್ವಿಚ್ಚನ್ನು ದಪ್ಪ ತಂತಿಯ ದಾರಿಗೆ ಹಾಕಿದೆ. ಒತ್ತಿ ಹಿಡಿದು ಚಹಾ ಕುಡಿದೆ, ರಸ್ತೆಯಲ್ಲಿ ಹೋಗುವ ಕಬ್ಬಿನ ಟ್ರ್ಯಾಕ್ಟರುಗಳನ್ನು ನೋಡಿದೆ. ಕಾಯಿಲ್ ಬೆಚ್ಚಗೆ ಕೂಡ ಆಗಲಿಲ್ಲ. ಉಳಿದ ತಂತಿಯ ತುದಿಯನ್ನು ಅದೇ ಟಿಕಳಿಯಿಂದ ಅಂಟಿಸಲು ಹೋದೆ. ಅಂಟು ಸತ್ತಿತ್ತು, ನಿಲ್ಲಲಿಲ್ಲ. ಜೇಬಿಗೆ ಹಾಕಿಕೊಂಡೆ.

ಮತ್ತೆ ಹುಕ್ಕೇರಿ, ಮತ್ತೆ ಅದೇ ಮಧ್ಯಾಹ್ನದ ಬಿಡುವು. ತಂಗಿಯ ಗಂಡ ಗೋಕಾಕದ ಸಂತೆಗೆ ಹೋಗಿದ್ದ, ಖಾನಾವಳಿಯಲ್ಲಿ ನಾನೂ ತಂಗಿಯೂ ಮಾತ್ರ. ಎಡಗಡೆಯದನ್ನು ಕೂಡಿಸಿದೆ, ಬಲಗಡೆಯ ಗ್ರೀಸನ್ನೂ ತೊಳೆದು ತೆಗೆದೆ. ಹಲಗೆ ಇಳಿಸಿ ಗಾಜು ಹಾಕಿ ಸ್ವಿಚ್ ಹಾಕಿದೆ. ದೀಪ ಹತ್ತಿದವು. ಮೂರು ಸಾವಿರದ ಎಂಟುನೂರ ಅರವತ್ತಕ್ಕೂ ಹಿಂದಿನಿಂದ ಬೆಳಕು ಬಂತು. ಉಳಿದದ್ದು ಸ್ಟಾರ್ಟ್ ಒಂದೇ. ಬೆರಳು ಅದರ ಮೇಲಿಟ್ಟು ನಿಂತೆ. ನಿಂತೇ ಇದ್ದೆ.

‘ನಾ ಒತ್ತಲೇನು?’ ತಂಗಿ ಕೇಳಿದಳು.

‘ಬ್ಯಾಡ.’

‘ಹಂಗಾರ ಬಿಡು ಅಣ್ಣಾ. ಕೌದಿ ಹೊಚ್ಚಿ ಹಿಂಗ ಇಡೂಣು. ಇವರಿಗೆ ನಾ ಹೇಳ್ತೇನಿ, ಎರಡ ಟೇಬಲ್ ಇಲ್ಲಂದ್ರ ಖಾನಾವಳಿ ಏನ ಮುಳುಗೂದಿಲ್ಲ.’

ಅವಳು ಅಕ್ಕರೆಯಿಂದಲೇ ಅಂದದ್ದು. ನನಗೆ ಮಾತ್ರ ಧಗ್ ಅಂತ ಸಿಟ್ಟು ಬಂತು, ಈ ಸಲ ಖರೆ ಸಿಟ್ಟು. ಕೌದಿ ಹೊಚ್ಚಿ ಇಡುವುದಕ್ಕೆ ಆ ಸಣ್ಣ ತಂತಿಯನ್ನು ಎರಡೆರಡು ಸಲ ಸುತ್ತಿದೆನೇ? ‘ರಿಪೇರಿ ಮಾಡಿದ್ದನ್ನ ಆಡ್ಲಾರ್ದ ಇಡೂದಿದ್ರ ನನ್ನ ಯಾಕ ಕರಿಸಿದಿ?’ ಅಂತ ಕೂಗಿ ಸ್ಟಾರ್ಟ್ ಒತ್ತಿಬಿಟ್ಟೆ.

ಖಟಖಟಖಟ ಅಂತ ಚಕ್ರಗಳು ತಿರುಗಿದವು. ಮೂರು ಹೋಯಿತು, ಎಂಟು ಹೋಯಿತು, ಆರು ಹೋಯಿತು. ಸಾಲಾಗಿ ಸೊನ್ನೆ ನಿಂತವು. ಅಯ್ಯೋ ಅನ್ನಿಸಿತು. ಬೆಳಗಾವಿಯಲ್ಲಿ ಅನ್ನಿಸಬೇಕಾಗಿದ್ದು, ಮಣ್ಣು ಕೊಡುವಾಗ ಅನ್ನಿಸಬೇಕಾಗಿದ್ದು ಆಗ ಅನ್ನಿಸಿತು. ಅವಳು ಹೋದಳು. ಇನ್ನು ಬರುವುದಿಲ್ಲ. ಎದೆಯ ನಡುವೆ ನೋವು ಬಂತು, ಜೋಮು ಹಿಡಿದ ಕಾಲಿಗೆ ರಕ್ತ ಹರಿದಾಗ ಬರುತ್ತದಲ್ಲ, ಅಂಥದ್ದು.

ಗುಂಡು ಹೊರಗೆ ಬಂದು ಕಾದಿತ್ತು. ಏನು ಮಾಡುವುದು ತಿಳಿಯದೆ ಅದನ್ನು ಹೊಡೆದು ಬಿಟ್ಟೆ. ಮೇಲೆ ಅಲ್ಲಲ್ಲಿ ಬಡಿದುಕೊಂಡು, ಚಕ್ರಗಳನ್ನು ಸ್ವಲ್ಪ ಏರಿಸಿ, ಎಡಕ್ಕೆ ಉರುಳಿ ಬಂತು. ಎಡ ಬಟನ್ ಒತ್ತಿದೆ. ರೆಕ್ಕೆ ಚಟ್ಟನೆ ಎದ್ದಿತು, ಗುಂಡು ಇಳಿದು ಬಂದು ಅದರ ಬುಡದಲ್ಲಿ ನಿಂತಿತು. ನಾನು ಬಿಡಲಿಲ್ಲ. ಕಾಯಿಲ್ ಸಣ್ಣಗೆ ಗುಂಯ್ ಅನ್ನುತ್ತಿತ್ತು. ಗುಂಡು ನಿಂತೇ ಇತ್ತು. ನನ್ನ ಕೈಯಲ್ಲಿ ಮೊದಲ ಸಲ ನಿಂತಿತ್ತು.

‘ಹೊಡಿಯೋ ಅಣ್ಣಾ’ ಅಂದಳು ತಂಗಿ.

‘ತಡಿ’ ಅಂದೆ.

ತಂಗಿ ಬಗ್ಗಿ, ಪೆಟ್ಟಿಗೆಯ ಮುಂದಿನ ಬಾಗಿಲು ತೆರೆದು ಕೈ ಹಾಕಿ ಕಾಯಿಲ್ ಮುಟ್ಟಿದಳು. ‘ತಣ್ಣಗ ಐತಿ’ ಅಂದಳು.

‘ಎಷ್ಟ ಹೊತ್ತ ಹಿಡಿದ್ರೂ ಸುಡೂದಿಲ್ಲ ಈಗ. ಅಕಿ ಜಗಳೆಲ್ಲಾ ಹೇಳಿ ಮುಗಿಸಬಹುದಿತ್ತು...’ ಅನ್ನುವಷ್ಟರಲ್ಲಿ ಅಳು ಬಂತು. ಮೂಗು, ಕಣ್ಣು ಎಲ್ಲ ಸೋರಿತು. ಎರಡೂ ಕೈ ಬಟನ್ನುಗಳ ಮೇಲಿದ್ದವು, ಒರೆಸಿಕೊಳ್ಳಲು ಎಡಗೈ ಎತ್ತಿದರೆ ಗುಂಡು ಬೀಳುತ್ತಿತ್ತು, ಬಲಗೈ ಎತ್ತುವುದು ಹೊಳೆಯಲೇ ಇಲ್ಲ. ತಂಗಿ ತನ್ನ ಸೆರಗಿನಿಂದ ನನ್ನ ಮುಖ ಒರೆಸಿದಳು, ಆಮೇಲೆ ತನ್ನದನ್ನೂ ಒರೆಸಿಕೊಂಡಳು.

ಹೊರಗೆ ಯಾರೋ ‘ಊಟ ಐತೇನ್ರಿ ಅಕ್ಕಾರ?’ ಅಂದರು.

‘ಬಂದೆ ರೀ’ ಅಂತ ಕೂಗಿದಳು ತಂಗಿ. ನನ್ನತ್ತ ತಿರುಗಿ ‘ಬಿಡೋ ಇನ್ನ, ಗಿರಾಕಿ ಬಂದಾರ’ ಅಂದಳು.

‘ನೀ ನಡಿ. ನಾ ಇನ್ನೊಂದ ಸ್ವಲ್ಪ ಹಿಡೀತೇನಿ’ ಅಂದೆ.